ಮಾಪೊ ಅಜ್ಜಿಯ ಪಥ್ಯ

ಪಥ್ಯ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಆಗುವ ಕೆಲಸವೆಂದರೆ ಒಂದು ಪಾತ್ರೆಯನ್ನು ಬೇರೆ ಇಡುವುದು. ಬಾಣಂತಿಗೆ ಒಂದು ಪಾತ್ರೆ, ಕಾಮಾಲೆಯವನಿಗೆ ಒಂದು, ಸಕ್ಕರೆ ಕಾಯಿಲೆಯ ಮಾವನಿಗೆ ಇನ್ನೊಂದು. ಒಲೆ ಒಂದೇ, ಸೂರು ಒಂದೇ. ಆದರೆ ಪಥ್ಯದವನ ಅನ್ನ ಬೇರೆ, ಸಾರು ಬೇರೆ, ಕೊನೆಗೆ ಹೊತ್ತೂ ಬೇರೆ. ಎಲ್ಲರಿಗಿಂತ ಮೊದಲು ಅವನನ್ನು ಕೂರಿಸಿ, "ನಿಮ್ಮದಾಗಲಿ" ಎಂದು ಉಪ್ಪಿಲ್ಲದ ಗಂಜಿ ಬಡಿಸಿ, ಆಮೇಲೆ ಉಳಿದವರು ನಿರಾಳವಾಗಿ ಮೀನು ಸಾರು ಸುರಿದುಕೊಂಡು ಕೂರುತ್ತಾರೆ. ಇದರಲ್ಲಿ ಕ್ರೌರ್ಯವೇನೂ ಇಲ್ಲ, ಪ್ರೀತಿಯೇ ಇದೆ. ಆದರೂ ಒಳಕೋಣೆಯಲ್ಲಿ ಮಲಗಿದವನ ಮೂಗಿಗೆ ಒಗ್ಗರಣೆಯ ವಾಸನೆ ಹೋಗದಂತೆ ತಡೆಯುವ ಬಾಗಿಲನ್ನು ಈವರೆಗೆ ಯಾವ ಬಡಗಿಯೂ ಮಾಡಿದಂತಿಲ್ಲ.

2018ರ ಮಳೆಗಾಲದಲ್ಲಿ ನಮ್ಮವರ ಎದೆಗೆ ಎರಡು ಸ್ಟೆಂಟ್ ಬಿತ್ತು. ಬಿಡುಗಡೆಯ ದಿನ ಆಸ್ಪತ್ರೆಯವರು ಮಾತ್ರೆಗಳ ಜೊತೆ ಒಂದು ಚೀಟಿಯನ್ನೂ ಕೊಟ್ಟರು. ಉಪ್ಪು ಕಡಿಮೆ, ಎಣ್ಣೆ ಕಡಿಮೆ, ತೆಂಗಿನಕಾಯಿ ಕಡಿಮೆ, ಕೆಂಪು ಮಾಂಸ ತೀರಾ ಕಡಿಮೆ. ಮಂಗಳೂರು ಕಡೆಯ ಕ್ರಿಶ್ಚಿಯನ್ ಮನೆಯೊಂದಕ್ಕೆ ಇಂಥ ಚೀಟಿ ಬಂದರೆ ಅಡುಗೆಮನೆಗೇ ಬೀಗ ಹಾಕಿದಂತೆ. ನಮ್ಮಲ್ಲಿ ಭಾನುವಾರವೆಂದರೆ ಪೂಜೆ ಮುಗಿಸಿ ಬಂದು ಬೀಫ್ ಸುಕ್ಕಾ ಮತ್ತು ಸನ್ನಾಂ. ಇವರ ತಂದೆಯ ಕಾಲದಿಂದ ನಡೆದು ಬಂದದ್ದು. ಮಾಂಸ ಆರಿಸಿ ತರುವುದು ಇವರ ಕೆಲಸ, ಬಫಾತ್ ಪುಡಿ ಹುರಿದು ಬೇಯಿಸುವುದು ನನ್ನದು. ಆ ಚೀಟಿ ಬಂದ ಮೇಲೆ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಒಂದು ಪಾತ್ರೆಯನ್ನು ಬೇರೆ ಇಟ್ಟೆ.

ಬೇಯಿಸಿದ ಬೀನ್ಸ್, ತೆಳ್ಳಗಿನ ತೊವ್ವೆ, ಚರ್ಮ ತೆಗೆದ ಕೋಳಿಯ ಬಿಳಿಚಿದ ಎರಡು ತುಂಡು. ಇವರು ಜಗಳವಾಡಲಿಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತು. ನಲವತ್ತು ವರ್ಷ ಶಾಲೆಯಲ್ಲೂ ಮನೆಯಲ್ಲೂ ಗಟ್ಟಿ ದನಿಯಲ್ಲಿ ಮಾತಾಡಿದ ಮನುಷ್ಯ ತಟ್ಟೆಯ ಮುಂದೆ ಸುಮ್ಮನೆ ಕೂರತೊಡಗಿದರು. ಕೆಲವು ತಿಂಗಳಾದ ಮೇಲೆ ಮೇಜಿಗೆ ಬರುವುದನ್ನೂ ಬಿಟ್ಟರು. ತಟ್ಟೆ ಕೋಣೆಗೆ ಹೋಗುತ್ತಿತ್ತು, ಅರ್ಧ ಖಾಲಿಯಾಗಿ ವಾಪಸು ಬರುತ್ತಿತ್ತು. ತೂಕ ಇಳಿಯಿತು, ಡಾಕ್ಟರರು ಮೆಚ್ಚಿದರು. ಆದರೆ ಇಳಿದದ್ದು ತೂಕ ಮಾತ್ರವಲ್ಲ ಎಂಬುದು ಅವರ ತಕ್ಕಡಿಗೆ ಹೇಗೆ ಗೊತ್ತಾಗಬೇಕು?

ಮರುವರ್ಷ ಮಗಳ ಹೆರಿಗೆಗೆಂದು ನಾವಿಬ್ಬರೂ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ಗೆ ಹೋದೆವು. ಡಾಕ್ಟರರು ವಿಮಾನಕ್ಕೆ ಒಪ್ಪಿಗೆ ಕೊಟ್ಟಿದ್ದರು. ನನ್ನ ಪೆಟ್ಟಿಗೆಯಲ್ಲಿ ಬಾಣಂತಿ ಮದ್ದಿನ ಪೊಟ್ಟಣಗಳು, ಇವರ ಪೆಟ್ಟಿಗೆಯಲ್ಲಿ ಆರು ತಿಂಗಳ ಮಾತ್ರೆ.

ಅಲ್ಲಿನ ಮಾಂಸದ ಅಂಗಡಿಯ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಖೀಮಾ ಬೇಕೆಂದರೆ ಕಟುಕನ ಎದುರು ನಿಂತು, ಇದು ಬೇಡ ಅದು ಹಾಕು, ಕೊಬ್ಬು ತೆಗಿ ಎಂದು ಹೇಳಿ ಮಾಡಿಸಿಕೊಳ್ಳಬೇಕು. ಅಲ್ಲಿ ಎಲ್ಲವೂ ಮೊದಲೇ ಅರೆದು, ತಟ್ಟೆಯಲ್ಲಿ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಎಳೆದು, ಅದರ ಮೇಲೊಂದು ಲೆಕ್ಕ ಬರೆದಿರುತ್ತಾರೆ. 80–20 ಎಂದರೆ ನೂರು ಗ್ರಾಮಿನಲ್ಲಿ ಇಪ್ಪತ್ತು ಗ್ರಾಂ ಕೊಬ್ಬು. 93–7 ಎಂದರೆ ಏಳೇ ಗ್ರಾಂ. ಕೊಬ್ಬು ಕಡಿಮೆಯಾದಷ್ಟೂ ಬೆಲೆ ಹೆಚ್ಚು. ಕೊಬ್ಬಿರುವ ಪಶುವನ್ನು ಮೇಯಿಸಿ ಬೆಳೆಸಿ, ಆಮೇಲೆ ಕೊಬ್ಬಿಲ್ಲದ ಮಾಂಸಕ್ಕೆ ಹೆಚ್ಚು ದುಡ್ಡು ಕೊಡುವ ದೇಶ ಎಂದು ನನಗೆ ತಮಾಷೆಯೆನಿಸಿತು. ಖೀಮಾವನ್ನು 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 71 ಡಿಗ್ರಿವರೆಗೆ ಬೇಯಿಸಲೇಬೇಕೆಂದು ಅಲ್ಲಿನ ಕೃಷಿ ಇಲಾಖೆ ಹೇಳುತ್ತದೆ. ಕಾರಣ ಸರಳ. ಇಡೀ ತುಂಡಿನಲ್ಲಿ ಕ್ರಿಮಿಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ, ಹೊರಗೆ ಸುಟ್ಟರೆ ಸಾಯುತ್ತವೆ. ಅರೆದಾಗ ಹೊರಗಿನದು ಒಳಗೆ ಸೇರಿಬಿಡುತ್ತದೆ. ಮಗಳು ಒಂದು ಸೂಜಿಯಂಥ ಉಷ್ಣಮಾಪಕವನ್ನೇ ಇಟ್ಟುಕೊಂಡಿದ್ದಳು. ನನಗೆ ಅದರ ಅಗತ್ಯ ಬೀಳಲಿಲ್ಲ. ನಮ್ಮ ಕಡೆಯ ಯಾವ ಹೆಂಗಸೂ ಮಾಂಸವನ್ನು ಅರೆಬೆಂದು ಇಳಿಸುವವಳಲ್ಲ.

ಅದೇ ಕಟ್ಟಡದ ಕೆಳಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಕೋಣೆ ಇತ್ತು. ಹಸುಗೂಸಿನ ಬಟ್ಟೆಗಳ ದೆಸೆಯಿಂದ ದಿನಕ್ಕೊಮ್ಮೆ ನಾನಲ್ಲಿಗೆ ಇಳಿಯಬೇಕಾಗುತ್ತಿತ್ತು. ಅಲ್ಲಿ ನನ್ನಂತೆಯೇ ಪುಟ್ಟ ಅಂಗಿಗಳ ಬುಟ್ಟಿ ಹಿಡಿದ ಇನ್ನೊಬ್ಬಳು ಅಜ್ಜಿ. ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡು ಊರಿನವಳು. ಮಗಳ ಬಾಣಂತನಕ್ಕೇ ಬಂದವಳು. ಅವಳಿಗೆ ಇಂಗ್ಲಿಷ್ ಬಾರದು, ನನಗೆ ಚೀನೀ ಬಾರದು. ಆದರೆ ಇಬ್ಬರು ಅಜ್ಜಿಯರ ನಡುವೆ ಒಂದು ಮಗುವಿನ ಅಂಗಿ ಇದ್ದರೆ ಭಾಷೆಗೆ ಅಷ್ಟೊಂದು ಬಡತನ ಬರುವುದಿಲ್ಲ. ಮೊದಲ ದಿನ ಬೆರಳು ಮಡಚಿ ತೂಕ ಹೇಳಿಕೊಂಡೆವು. ಎರಡನೆಯ ದಿನ ಅವಳು ತನ್ನ ಫೋನನ್ನು ಬಾಯಿಯ ಹತ್ತಿರ ಹಿಡಿದು ಏನೋ ಹೇಳಿದಳು. ಫೋನಿನೊಳಗಿನ ಹೆಂಗಸು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು: ನಿಮ್ಮ ಮಗಳು ತಣ್ಣೀರು ಮುಟ್ಟುತ್ತಿದ್ದಾಳೆಯೇ?

ನನಗೆ ನಗು ಬಂತು. ಅದೇ ಬೆಳಿಗ್ಗೆ ನಾನು ಮಗಳಿಗೆ ಅದೇ ಮಾತಿಗೆ ಬೈದಿದ್ದೆ. ಚೀನೀಯರಲ್ಲೂ ಹೆತ್ತವಳು ಒಂದು ತಿಂಗಳು ಮನೆಯೊಳಗೇ ಇರುವ ಪದ್ಧತಿ ಇದೆ. ಅದಕ್ಕೆ 'ತಿಂಗಳು ಕೂರುವುದು' ಎನ್ನುತ್ತಾರಂತೆ. ತಣ್ಣೀರು ಬೇಡ, ಗಾಳಿ ಬೇಡ, ಶುಂಠಿ ಬೇಕು, ಎಳ್ಳೆಣ್ಣೆ ಬೇಕು, ಬಿಸಿ ಸಾರು ಬೇಕು. ಹಿಮಾಲಯದ ಆಚೆಗೂ ಈಚೆಗೂ ಅಜ್ಜಿಯರು ಒಂದೇ ಶಾಲೆಯಲ್ಲಿ ಓದಿದವರಂತೆ ಕಂಡರು.

ಒಂದು ಸಂಜೆ ಅವಳು ಬಾಗಿಲು ತಟ್ಟಿದಳು. ಕೈಯಲ್ಲಿ ಮುಚ್ಚಿದ ಬಟ್ಟಲು. ಬಾಣಂತಿಗಲ್ಲ ಎಂದು ಕೈಯಾಡಿಸಿ ತೋರಿಸಿ, ಒಳಗೆ ಕೂತಿದ್ದ ಇವರ ಕಡೆ ಬೆರಳು ಮಾಡಿದಳು. ಮುಚ್ಚಳ ತೆಗೆದರೆ ಕೆಂಪು ಗೊಜ್ಜಿನಲ್ಲಿ ಅಲುಗಾಡುವ ಬಿಳಿ ತೋಫುವಿನ ಚೌಕಗಳು, ಮೇಲೆ ಅಲ್ಲೊಂದು ಇಲ್ಲೊಂದು ಮಾಂಸದ ಪುಡಿ. ಹಬೆಯ ಜೊತೆಗೇ ಒಂದು ವಾಸನೆ ಎದ್ದಿತು. ಕೋಣೆಯ ಮೂಲೆಯಿಂದ ಇವರು ತಲೆಯೆತ್ತಿದರು.

"ಇದಕ್ಕೆ ತೆಪ್ಪಲ್ ಹಾಕಿದ್ದಾರೆ," ಎಂದರು.

ವಾರಗಳ ಮೇಲೆ ಊಟದ ವಿಷಯದಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ತೆಪ್ಪಲ್ ಎಂದರೆ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ಕೊಂಕಣಿಯಲ್ಲಿ ತೆಪ್ಪಲ್, ತಿರ್ಫಳ ಎಂದೆಲ್ಲ ಕರೆಯುವ ಇದಕ್ಕೆ ಕನ್ನಡದಲ್ಲಿ ಜುಮ್ಮಿನಕಾಯಿ ಎಂಬ ಮುದ್ದಾದ ಹೆಸರಿದೆ. ಮೈತುಂಬ ಮುಳ್ಳಿರುವ ಮರದ ಕಾಯಿ. ಒಣಗಿದಾಗ ಬಾಯಿ ಬಿಡುತ್ತದೆ. ಒಳಗಿನ ಕರಿ ಬೀಜ ಎಸೆದು ಸಿಪ್ಪೆಯನ್ನು ಮಾತ್ರ ಜಜ್ಜಿ ಬಂಗುಡೆ ಸಾರಿಗೆ ಹಾಕುತ್ತಾರೆ. ನಾಲಗೆಗೆ ತಾಗಿದರೆ ತುಟಿಯಿಂದ ಗಂಟಲಿನವರೆಗೆ ಜುಮ್ಮೆನ್ನುತ್ತದೆ. ಅದಕ್ಕೇ ಆ ಹೆಸರು. ಸಿಚುವಾನಿನವರ 'ಹ್ವಾಜ್ಯಾವ್' ಇದರದೇ ದಾಯಾದಿ. ಸಸ್ಯಶಾಸ್ತ್ರದವರು ಎರಡನ್ನೂ ಝಾಂಥೋಕ್ಸಿಲಮ್ ಎಂಬ ಒಂದೇ ಪಂಗಡಕ್ಕೆ ಸೇರಿಸುತ್ತಾರೆ. ಹೆಸರಿನಲ್ಲಿ ಮೆಣಸು ಎಂದು ಸೇರಿಕೊಂಡರೂ ಕಾಳುಮೆಣಸಿಗೂ ಇದಕ್ಕೂ ಸಂಬಂಧವಿಲ್ಲ. ಇದು ನಿಂಬೆ, ಕಿತ್ತಳೆ, ಬಿಲ್ವ, ಕರಿಬೇವುಗಳ ಕುಟುಂಬದ್ದು. ಹಾಗಾಗಿಯೇ ಜಜ್ಜಿದಾಗ ಕಿತ್ತಳೆ ಸಿಪ್ಪೆಯ ವಾಸನೆ ಬರುವುದು. ಆ ಸಂಬಂಧದಿಂದಲೇ ಅದಕ್ಕೊಂದು ಕಷ್ಟವೂ ಬಂತು. ನಿಂಬೆಜಾತಿಯ ಗಿಡಗಳಿಗೆ ತಗಲುವ ಕಜ್ಜಿರೋಗವನ್ನು ಹೊತ್ತು ತಂದೀತೆಂದು ಅಮೆರಿಕ 1968ರಿಂದ 2005ರವರೆಗೆ ಅದರ ಆಮದನ್ನೇ ನಿಷೇಧಿಸಿತ್ತು. ಆಮೇಲೆ ಬಿಸಿಗೆ ಒಡ್ಡಿ ಶುದ್ಧಮಾಡಿದ್ದನ್ನು ಮಾತ್ರ ಒಳಗೆ ಬಿಟ್ಟರು.

ಈ ಜುಮ್ಮೆನ್ನುವಿಕೆ ರುಚಿಯಲ್ಲ, ಸ್ಪರ್ಶ. ಅದರಲ್ಲಿರುವ ಸ್ಯಾನ್‌ಶೂಲ್ ಎಂಬ ವಸ್ತು ಮುಟ್ಟಿದ್ದನ್ನು ಅರಿಯುವ ನರಗಳನ್ನೇ ಕೆರಳಿಸುತ್ತದೆ. ಲಂಡನ್ನಿನ ವಿಜ್ಞಾನಿಗಳು 2013ರಲ್ಲಿ ಇದನ್ನು ಜನರ ತುಟಿಗೆ ಹಚ್ಚಿ ಅಳೆದು ನೋಡಿದರು. ಸೆಕೆಂಡಿಗೆ ಸುಮಾರು 50 ಸಲ ನಡುಗಿದಂತೆ ಭಾಸವಾಗುತ್ತದೆಯಂತೆ. ಬಾಯಿಗೆ ಹೀಗೆ ಬೇರೊಂದು ಕೆಲಸ ಸಿಕ್ಕಿದಾಗ ಉಪ್ಪು ಎಷ್ಟಿದೆ, ಎಣ್ಣೆ ಎಷ್ಟಿದೆ ಎಂದು ವಿಚಾರಿಸಲು ಅದಕ್ಕೆ ಪುರುಸೊತ್ತಿರುವುದಿಲ್ಲ ಎಂಬುದು ಮಾತ್ರ ನನ್ನ ಸ್ವಂತ ಸಂಶೋಧನೆ.

ಇವರು ಆ ದಿನ ಬಟ್ಟಲಿನಿಂದ ನಾಲ್ಕು ಚಮಚ ತಿಂದರು. ಹಣೆ ಬೆವರಿತು. ಇನ್ನೂ ಸ್ವಲ್ಪ ಅನ್ನ ಕೇಳಿದರು. ನಾನು ಒಳಗೆ ಹೋಗಿ ಅನ್ನ ಬಡಿಸುವ ನೆಪದಲ್ಲಿ ಕಣ್ಣೊರೆಸಿಕೊಂಡೆ ಎಂದರೆ ಖಾರ ಹೆಚ್ಚಾಗಿತ್ತೆಂದು ನೀವು ತಿಳಿಯಬಹುದು. ಹಾಗೆಯೇ ತಿಳಿಯಿರಿ.

ಮರುದಿನವೇ ನಾನು ಅವಳ ಅಡುಗೆಮನೆಯಲ್ಲಿ ನಿಂತಿದ್ದೆ. ಆ ಖಾದ್ಯದ ಹೆಸರು ಮಾಪೊ ತೋಫು. ಅದರ ಅರ್ಥವೇನೆಂದು ಕೇಳಿದರೆ ಫೋನಿನ ಹೆಂಗಸು ಯಾವ ಸಂಕೋಚವೂ ಇಲ್ಲದೆ 'ಸಿಡುಬಿನ ಕಲೆಯ ಮುದುಕಿಯ ತೋಫು' ಎಂದುಬಿಟ್ಟಳು. ಅದು ನಿಜವೇ. ಚೆಂಗ್ಡುವಿನ ಉತ್ತರಕ್ಕೆ ವಾನ್‌ಫು ಎಂಬ ಸೇತುವೆಯ ಬಳಿ 1862ರ ಸುಮಾರಿಗೆ ಚೆನ್ ಎಂಬವನ ಒಂದು ಸಣ್ಣ ಊಟದ ಅಂಗಡಿ ಇತ್ತಂತೆ. ಅವನ ಹೆಂಡತಿಯ ಮುಖದಲ್ಲಿ ಸಿಡುಬಿನ ಕಲೆಗಳು. ಸೇತುವೆ ದಾಟುವ ಎಣ್ಣೆ ಹೊರುವ ಕೂಲಿಗಳು ಅಲ್ಲಿ ತಂಗುತ್ತಿದ್ದರು. ತಾವೇ ಸ್ವಲ್ಪ ಮಾಂಸ ತಂದು, ತಮ್ಮ ಬುಟ್ಟಿಯ ಎಣ್ಣೆಯಿಂದ ಒಂದು ಸೌಟು ಸುರಿದು, ತೋಫು ಹಾಕಿ ಮಾಡಿಕೊಡು ಎನ್ನುತ್ತಿದ್ದರು ಎಂದು ಕಥೆ. ಮೂಲದಲ್ಲಿ ಅದಕ್ಕೆ ಹಾಕುತ್ತಿದ್ದದ್ದು ದನದ ಮಾಂಸದ ಖೀಮಾ. ಈಗ ಬೇರೆಡೆ ಹಂದಿಯ ಖೀಮಾವನ್ನೂ ಹಾಕುತ್ತಾರೆ. ಚೆಂಗ್ಡು ಅಜ್ಜಿ ಮಾತ್ರ ಹಂದಿ ಎಂದರೆ ಮೂಗು ಮುರಿದಳು.

ಹಂದಿಯೇ ಪ್ರಧಾನವಾದ ಚೀನೀ ಅಡುಗೆಯಲ್ಲಿ ಸಿಚುವಾನಿನವರಿಗೆ ದನದ ಮಾಂಸ ಎಲ್ಲಿಂದ ಬಂತು? ಇದಕ್ಕೆ ಉಪ್ಪೂ ಒಂದು ಕಾರಣ. ಆ ಪ್ರಾಂತ್ಯದ ಜಿಗಾಂಗ್ ಎಂಬಲ್ಲಿ ನೆಲದೊಳಗಿನ ಉಪ್ಪುನೀರನ್ನು ಎತ್ತಲು ಆಳವಾದ ಬಾವಿಗಳನ್ನು ಕೊರೆದಿದ್ದರು. ಅವುಗಳಲ್ಲೊಂದು 1835ರಲ್ಲಿಯೇ ಸಾವಿರ ಮೀಟರಿನ ಆಳ ದಾಟಿತ್ತು. ಅಷ್ಟು ಆಳದಿಂದ ನೀರೆತ್ತುವ ರಾಟೆಗಳನ್ನು ತಿರುಗಿಸುತ್ತಿದ್ದದ್ದು ಎತ್ತು ಕೋಣಗಳು. ದುಡಿದು ಮುದಿಯಾದ ಪಶುಗಳ ಮಾಂಸ ಅಗ್ಗವಾಗಿ ಬಡವರ ಪಾಲಿಗೆ ಬರುತ್ತಿತ್ತು. ಮುದಿ ಪಶುವಿನ ಮಾಂಸ ಗಟ್ಟಿ. ಅದನ್ನು ಸಣ್ಣಗೆ ಕೊಚ್ಚದೆ ಹಲ್ಲಿಗೆ ಕೊಡುವಂತಿಲ್ಲ. ಬಡವರ ಅಡುಗೆಯ ಚಾತುರ್ಯಗಳೆಲ್ಲ ಹೀಗೇ ಹುಟ್ಟುವುದು.

ಅವಳು ಮಾಡಿದ ಬಗೆಯನ್ನು ಬರೆಯುತ್ತೇನೆ. ನಾಲ್ಕೈದು ಜನಕ್ಕೆ 450 ಗ್ರಾಂ ತೋಫು, 150 ಗ್ರಾಂ ಖೀಮಾ. ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. ನಮ್ಮಲ್ಲಿ ಐದು ಜನರಿಗೆ ಒಂದು ಕಿಲೋ ಮಾಂಸ ತಂದರೆ "ಸಾಕಾದೀತಾ?" ಎಂಬ ಚಿಂತೆ. ಇಲ್ಲಿ ಒಬ್ಬೊಬ್ಬರ ಪಾಲಿಗೆ ಮೂವತ್ತು ಗ್ರಾಂ. ನಮಗೆ ಮಾಂಸವೇ ಊಟದ ಯಜಮಾನ. ಅವರಿಗೆ ಅದು ಒಗ್ಗರಣೆ.

ತೋಫುವನ್ನು ಬೆರಳಿನ ಗೆಣ್ಣಿನಷ್ಟು ಚೌಕಗಳಾಗಿ ಕತ್ತರಿಸಿ, ಚಿಟಿಕೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೆಲವು ನಿಮಿಷ ಬಿಡಬೇಕು. ಹಸಿ ಸೋಯಾ ವಾಸನೆ ಹೋಗುತ್ತದೆ, ತುಂಡು ಮುರಿಯುವುದಿಲ್ಲ. ಬಾಣಲೆ ಚೆನ್ನಾಗಿ ಕಾದ ಮೇಲೆ ಖೀಮಾ ಹಾಕಿ, ನೀರೆಲ್ಲ ಆರಿ, ಕಂದುಬಣ್ಣ ಬಂದು, ಗರಿಗರಿಯಾಗುವವರೆಗೆ ಹುರಿಯಬೇಕು. ಬಿಟ್ಟ ಕೊಬ್ಬನ್ನು ಬಸಿದು ತೆಗೆಯಬೇಕು. ಆಮೇಲೆ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ 'ದೌಬಾನ್‌ಜ್ಯಾಂಗ್' ಹುರಿಯಬೇಕು. ಇದು ದೊಡ್ಡ ಅವರೆಯಂಥ ಒಂದು ಕಾಳು, ಮೆಣಸಿನಕಾಯಿ, ಉಪ್ಪು ಸೇರಿಸಿ ಹುದುಗಿಸಿದ ಕೆಂಪು ಗೊಜ್ಜು. ಚೆಂಗ್ಡುವಿನ ಪಕ್ಕದ ಪಿಶಿಯನ್ ಎಂಬಲ್ಲಿ ಇದನ್ನು ದೊಡ್ಡ ಜಾಡಿಗಳಲ್ಲಿ ತುಂಬಿ, ಬಿಸಿಲಿಗೆ ತೆರೆದು, ಕಲಕುತ್ತ, ಮಳೆ ಬಂದರೆ ಮುಚ್ಚುತ್ತ, ವರ್ಷಗಟ್ಟಲೆ ಸಾಕುತ್ತಾರೆ. ನಮ್ಮ ಅಜ್ಜಿಯರು ಮಾವಿನ ಮಿಡಿಯ ಭರಣಿಯನ್ನು ಸಾಕಿದ ಹಾಗೆ. ಎಣ್ಣೆ ಕೆಂಪಾದ ಕೂಡಲೇ ಶುಂಠಿ, ಬೆಳ್ಳುಳ್ಳಿ, ಉಪ್ಪಿನಲ್ಲಿ ಹುದುಗಿಸಿದ ಕಪ್ಪು ಸೋಯಾ ಕಾಳು ಒಂದು ಚಮಚ, ಸ್ವಲ್ಪ ಮೆಣಸಿನ ಪುಡಿ. ಒಂದು ಲೋಟ ನೀರು ಅಥವಾ ಸಾರು. ಕುದಿ ಬಂದಾಗ ತೋಫು ಮತ್ತು ಖೀಮಾ. ಸೌಟು ಹಾಕಿ ತಿರುವಬಾರದು, ಸೌಟಿನ ಬೆನ್ನಿನಿಂದ ಮೆಲ್ಲಗೆ ತಳ್ಳಬೇಕು. ಕೊನೆಗೆ ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಎರಡು ಮೂರು ಕಂತಿನಲ್ಲಿ ಹಾಕಿದರೆ ಗೊಜ್ಜು ತೋಫುವಿಗೆ ಅಂಟಿ ನಿಲ್ಲುತ್ತದೆ. ಇಳಿಸಿ, ಹುರಿದು ಪುಡಿಮಾಡಿದ ಹ್ವಾಜ್ಯಾವ್, ಎಳೆ ಈರುಳ್ಳಿ ಸೊಪ್ಪು ಉದುರಿಸಿದರೆ ಮುಗಿಯಿತು. ಇದಕ್ಕೆ ಎಂಟು ಗುಣಗಳಿರಬೇಕು ಎಂದು ಅವಳು ಬೆರಳು ಮಡಚಿ ಎಣಿಸಿದಳು: ಜುಮ್ಮು, ಖಾರ, ಬಿಸಿ, ಪರಿಮಳ, ಗರಿ, ಮೃದು, ರುಚಿ, ಮತ್ತು ಕೊನೆಯದು ಜೀವ. ಜೀವ ಎಂದರೆ ಏನೆಂದು ಫೋನಿಗೂ ಸರಿಯಾಗಿ ಹೇಳಲಾಗಲಿಲ್ಲ. ತಟ್ಟೆಯನ್ನು ಅಲುಗಾಡಿಸಿ ತೋಫು ನಡುಗುವುದನ್ನು ತೋರಿಸಿದಳು, ತಿಳಿಯಿತು.

ಇದೆಲ್ಲ ಆರೋಗ್ಯಕ್ಕೆ ಒಳ್ಳೆಯದೇ ಎಂದು ನೀವು ಕೇಳಬೇಕು. ನನ್ನ ಮಗಳೂ ಕೇಳಿದಳು. ಅವಳು ಆ ಗೊಜ್ಜಿನ ಬಾಟಲಿಯನ್ನು ತಿರುಗಿಸಿ ಹಿಂದಿನ ಚೀಟಿ ಓದಿ, "ಅಮ್ಮಾ, ಇದು ಔಷಧಿ ಅಂತ ತಿಳಿದಿದ್ದೀಯಾ? ಒಂದು ದೊಡ್ಡ ಚಮಚದಲ್ಲೇ ಎರಡು ಗ್ರಾಮಿಗಿಂತ ಹೆಚ್ಚು ಉಪ್ಪು ಉಂಟು," ಎಂದಳು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ. ಅವಳ ಮಾತು ಸುಳ್ಳಲ್ಲ. ಆದುದರಿಂದ ನಾವು ಹೀಗೆ ಲೆಕ್ಕ ಹಾಕಿದೆವು: ಇಡೀ ಅಡುಗೆಗೆ ಗೊಜ್ಜು ಒಂದೂವರೆ ಚಮಚದ ಮೇಲೆ ಹೋಗಬಾರದು, ಕಪ್ಪು ಕಾಳನ್ನು ತೊಳೆದು ಹಾಕಬೇಕು, ಗೊಜ್ಜಿಗೆ ಬೇರೆ ಉಪ್ಪಾಗಲಿ ಸೋಯಾ ಸಾಸಾಗಲಿ ಬೀಳಬಾರದು. ಐದು ಜನರಿಗೆ ಹಂಚಿದರೆ ಒಬ್ಬರಿಗೆ ಒಂದು ಗ್ರಾಮಿನ ಆಸುಪಾಸು. ಖಾರ, ಜುಮ್ಮು, ಶುಂಠಿ, ಬೆಳ್ಳುಳ್ಳಿಗಳಿಗೆ ಯಾವ ಡಾಕ್ಟರರೂ ತಕರಾರು ಮಾಡಿರಲಿಲ್ಲ. ಅವನ್ನು ಧಾರಾಳ ಮಾಡಿದೆವು. ಕೂಲಿಗಳು ಸುರಿಯುತ್ತಿದ್ದ ಸೌಟು ಎಣ್ಣೆಯನ್ನು ಕೂಲಿಗಳಿಗೇ ಬಿಟ್ಟೆವು. ದಿನವಿಡೀ ಎಣ್ಣೆ ಬುಟ್ಟಿ ಹೊತ್ತವನಿಗೆ ಅದು ಕರಗುತ್ತಿತ್ತು, ಕುರ್ಚಿಯಲ್ಲಿ ಕೂತವನಿಗೆ ಕರಗದು.

ಕೆಂಪು ಮಾಂಸದ ವಿಷಯವೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಪಟ್ಟಿಗೆ ಸೇರಿಸಿತು. ತಿನ್ನುವವರು ವಾರಕ್ಕೆ ಬೇಯಿಸಿದ ಮಾಂಸ 350ರಿಂದ 500 ಗ್ರಾಂ ದಾಟದಿರಲಿ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುತ್ತದೆ. ಹೃದ್ರೋಗಿಗೆ ಇನ್ನೂ ಬಿಗಿ. ನಾವು ಊರಿನ ಡಾಕ್ಟರರಿಗೆ ಫೋನು ಮಾಡಿ ಅಳತೆ ಹೇಳಿ ಕೇಳಿದೆವು. ವಾರಕ್ಕೊಮ್ಮೆ, ಮೂವತ್ತು ಗ್ರಾಂ, ಕೊಬ್ಬು ಬಸಿದು ಎಂದಾಗ ಅವರು ನಕ್ಕು, "ಅಷ್ಟು ಅಳೆಯುವ ತಾಳ್ಮೆ ನಿಮಗಿದ್ದರೆ ನನ್ನದೇನೂ ಅಡ್ಡಿಯಿಲ್ಲ," ಎಂದರು.

ಆದರೆ ನನಗೆ ಅಲ್ಲಿ ಸಿಕ್ಕಿದ್ದು ಅಳತೆಗಿಂತ ದೊಡ್ಡದು. ಚೆಂಗ್ಡು ಅಜ್ಜಿಯ ಮನೆಯಲ್ಲಿ ಊಟಕ್ಕೆ ಕೂತಾಗ ಗಮನಿಸಿದೆ. ಅವರಲ್ಲಿ ಒಬ್ಬೊಬ್ಬರ ಮುಂದೆ ಇರುವುದು ಅನ್ನದ ಸಣ್ಣ ಬಟ್ಟಲು ಮಾತ್ರ. ಉಳಿದುದೆಲ್ಲ ಮೇಜಿನ ನಡುವೆ. ತೋಫು ನಡುವೆ, ಸೊಪ್ಪು ನಡುವೆ, ಮೀನು ನಡುವೆ. ಎಲ್ಲರೂ ಅದೇ ಬಟ್ಟಲಿಗೆ ಕೈ ಚಾಚಬೇಕು, ಒಂದು ತುಂಡು ತೆಗೆಯಬೇಕು, ಕಾಯಬೇಕು, ಇನ್ನೊಬ್ಬರಿಗೆ ಬಿಡಬೇಕು. ಅವಳಿಗೂ ರಕ್ತದೊತ್ತಡ ಇತ್ತು, ಮಾತ್ರೆಯ ಡಬ್ಬಿ ತೋರಿಸಿದಳು. ಆದರೆ ಅವಳಿಗೆಂದು ಬೇರೆ ಪಾತ್ರೆ ಇರಲಿಲ್ಲ. ಮನೆಯ ಅಡುಗೆಯೇ ಅವಳ ಕಡೆಗೆ ಸ್ವಲ್ಪ ವಾಲಿತ್ತು. ಒಬ್ಬರಿಗೆ ಪಥ್ಯವಾದರೆ ಎಲ್ಲರಿಗೂ ಸ್ವಲ್ಪ ಪಥ್ಯ. ಅಳಿಯ ಬೇಕಾದರೆ ತನ್ನ ಅನ್ನಕ್ಕೆ ಮೆಣಸಿನೆಣ್ಣೆ ಹಾಕಿಕೊಳ್ಳುತ್ತಿದ್ದ, ಅಷ್ಟೆ.

ಆ ವಾರದಿಂದ ನಾನು ಬೇರೆ ಪಾತ್ರೆ ಇಡುವುದನ್ನು ನಿಲ್ಲಿಸಿದೆ. ಬಟ್ಟಲನ್ನು ಮೇಜಿನ ನಡುವೆ ಇಟ್ಟು ಎಲ್ಲರನ್ನೂ ಕರೆದೆ. ಇವರು ಬಂದು ಕೂತರು. ಮೊದಲ ದಿನ ಹೆಚ್ಚು ಮಾತಿಲ್ಲ. ಎರಡನೆಯ ಸಲ, "ಶುಂಠಿ ಕಡಿಮೆ ಆಯಿತು," ಎಂದರು. ಮೂರನೆಯ ಸಲ ಈರುಳ್ಳಿ ಸೊಪ್ಪು ಕೊಚ್ಚಲು ತಾವೇ ಕತ್ತಿ ಹಿಡಿದರು. ತಪ್ಪು ಹೇಳುವ ಗಂಡಸು ಮನೆಗೆ ವಾಪಸು ಬಂದದ್ದಕ್ಕೆ ನಾನು ದೇವರಿಗೆ ಒಂದು ಮೇಣದಬತ್ತಿ ಹೇಳಿಕೊಂಡೆ.

ಊರಿಗೆ ಬಂದ ಮೇಲೆ ಅದೇ ಅಡುಗೆ ಸ್ವಲ್ಪ ವೇಷ ಬದಲಿಸಿತು. ಇಲ್ಲಿ ಬೀಫ್ ಎಂದರೆ ಈಗ ಅಮೆರಿಕದ ಬೀಫ್ ಅಲ್ಲ. 2021ರಲ್ಲಿ ಜಾರಿಗೆ ಬಂದ ಕರ್ನಾಟಕದ ಕಾನೂನಿನ ಪ್ರಕಾರ ಹಸು, ಕರು, ಎತ್ತು, ಹೋರಿಗಳನ್ನು ಕಡಿಯುವಂತಿಲ್ಲ. ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ, ಅದೂ ಅಧಿಕಾರಿಯ ಒಪ್ಪಿಗೆಯ ಮೇಲೆ, ಅವಕಾಶ. ಆ ಕಾನೂನಿನ ಬಗ್ಗೆ ವಾದ ಮಾಡುವವರು ಬೇಕಾದಷ್ಟು ಜನರಿದ್ದಾರೆ. ಅಡುಗೆಯವಳಾಗಿ ನಾನು ಹೇಳಬಲ್ಲದ್ದು ಇಷ್ಟು: ಮುದಿ ಎಮ್ಮೆಯ ಮಾಂಸ ಗಟ್ಟಿ, ಆದರೆ ಕೊಬ್ಬು ಕಡಿಮೆ. ಸುಕ್ಕಾ ಮಾಡಿದರೆ ಕುಕ್ಕರಿನ ಸೀಟಿ ಎಣಿಸಿ ಸಾಕಾಗುತ್ತದೆ. ಖೀಮಾ ಮಾಡಿ ತೋಫುವಿನ ಮೇಲೆ ಉದುರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಜಿಗಾಂಗಿನ ಬಡವರು ಕಂಡುಕೊಂಡದ್ದೇ ಇದು. ಸಿಗದ ವಾರ ಅಣಬೆಯನ್ನು ಸಣ್ಣಗೆ ಕೊಚ್ಚಿ ಹಾಕುತ್ತೇನೆ. ಪಕ್ಕದ ಮನೆಯ ಭಟ್ಟರ ಸೊಸೆಗೆ ಕೊಡುವುದು ಈ ಅಣಬೆಯದು, ಬೇರೆ ಬಾಣಲೆಯಲ್ಲಿ ಮಾಡಿದ್ದು. ಹಾಗೆಂದು ಹೇಳಿಯೇ ಕೊಡುತ್ತೇನೆ. ಅವಳೂ ನಂಬಿ ತಿನ್ನುತ್ತಾಳೆ. ಇಂಥ ನಂಬಿಕೆಗಳ ಮೇಲೆಯೇ ನಮ್ಮ ಬೀದಿ ಇನ್ನೂ ನಿಂತಿದೆ.

ಹ್ವಾಜ್ಯಾವ್ ಮುಗಿದ ಮೇಲೆ ತೆಪ್ಪಲ್ ಹಾಕಿ ನೋಡಿದೆ. ಪರಿಮಳ ಇನ್ನೂ ಒರಟು, ಹುಳಿವಾಸನೆ ಹೆಚ್ಚು. ಆದರೆ ತುಟಿ ಜುಮ್ಮೆನ್ನುವುದಕ್ಕೆ ಏನೂ ಕೊರತೆಯಿಲ್ಲ. ಮೆಣಸಿನ ಪುಡಿ ಬ್ಯಾಡಗಿಯದು, ಬಣ್ಣಕ್ಕೆ ಅದಕ್ಕಿಂತ ಇನ್ನೇನು ಬೇಕು? ಎಲ್ಲಿಯ ಬ್ಯಾಡಗಿ, ಎಲ್ಲಿಯ ಪಿಶಿಯನ್ ಎನ್ನಬೇಡಿ. ಎರಡೂ ಕಡೆಯ ಮೆಣಸಿನಕಾಯಿ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದದ್ದೇ. ನಮಗೆ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತಂದರು, ಚೀನಾದಲ್ಲಿ ಅದೇ ಶತಮಾನದ ಕೊನೆಗೆ ಅದರ ಹೆಸರು ಪುಸ್ತಕದಲ್ಲಿ ಕಾಣಿಸಿಕೊಂಡಿತು. ಗೊಜ್ಜಿನ ಬಾಟಲಿಯನ್ನು ಮಾತ್ರ ಬೆಂಗಳೂರಿನಿಂದ ಮಗ ತರುತ್ತಾನೆ. ಒಂದು ಬಾಟಲಿ ಎಷ್ಟೋ ತಿಂಗಳು ಬರುತ್ತದೆ.

ಮೊಮ್ಮಕ್ಕಳಿಗೆ ಚೈನೀಸ್ ಎಂದರೆ ಗಾಡಿಯ ಗೋಬಿ ಮಂಚೂರಿ. ಕರಿದದ್ದು, ಜೋಳದ ಹಿಟ್ಟು, ಸಾಸು, ಮೇಲೆ ಕುಂಕುಮದಂಥ ಕೆಂಪು. ಮಂಚೂರಿಯಾದವರು ಅದನ್ನು ಕಂಡರೆ ಗುರುತಿಸಲಾರರು. ಅದು ನಮ್ಮ ದೇಶದ್ದೇ ಸೃಷ್ಟಿ. 2024ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ ಸುದ್ದಿ ಬಂದಾಗ ಇವರು ಪತ್ರಿಕೆಯನ್ನು ಮಡಚಿ, "ನಿನ್ನ ಮಾಪೊ ಅಜ್ಜಿ ಯಾವ ಬಣ್ಣವನ್ನೂ ಹಾಕಲಿಲ್ಲವಲ್ಲ," ಎಂದರು. ಆ ಅಜ್ಜಿಯ ಮೇಲೆ ಇವರಿಗೆ ಒಂದು ಬಗೆಯ ಗೌರವ.

ನನಗೂ ಇದೆ, ಜೊತೆಗೆ ಸ್ವಲ್ಪ ನೋವೂ ಇದೆ. ಅವಳ ಕೈರುಚಿ ಲೋಕವನ್ನೆಲ್ಲ ಸುತ್ತಿತು. ಹೆಸರಿನಲ್ಲಿ ಉಳಿದದ್ದು ಗಂಡನ ಮನೆತನ ಮತ್ತು ಮುಖದ ಕಲೆ. ಚೀನೀ ಭಾಷೆಯಲ್ಲಿ ಸಿಡುಬಿನ ಕಲೆಗೂ ನಾಲಗೆ ಜುಮ್ಮೆನ್ನುವುದಕ್ಕೂ 'ಮಾ' ಎಂಬ ಒಂದೇ ಅಕ್ಷರವಂತೆ. ನಮ್ಮೂರಿನಲ್ಲೂ ಅಂಥವಳೊಬ್ಬಳಿದ್ದಳು. ಮದುವೆ ಮನೆಗಳಿಗೆ ಮಸಾಲೆ ಅರೆಯಲು ಬರುತ್ತಿದ್ದಳು. ಎಲ್ಲರೂ ಸಿಡುಬಜ್ಜಿ ಎನ್ನುತ್ತಿದ್ದೆವು. ಅವಳು ಅರೆದ ಮಸಾಲೆಗೆ ಸಮನಾದದ್ದನ್ನು ನಾನು ಮತ್ತೆ ಕಂಡಿಲ್ಲ. ಆ ರೋಗ ಭೂಮಿಯಿಂದಲೇ ತೊಲಗಿತೆಂದು 1980ರಲ್ಲಿ ಸಾರಿದರು. ನನ್ನ ಮೊಮ್ಮಗಳಿಗೆ ಸಿಡುಬಿನ ಕಲೆ ಎಂದರೆ ಏನೆಂದೇ ಗೊತ್ತಿಲ್ಲ, ಹೇಳಿದರೂ ಅರ್ಥವಾಗುವುದಿಲ್ಲ. ಒಂದು ಅಡುಗೆಯ ಹೆಸರಿನಲ್ಲಿ ಮಾತ್ರ ಅದು ಉಳಿದುಕೊಂಡಿರುವುದಾದರೆ ಉಳಿಯಲಿ.

ಒಂದು ಬಟ್ಟಲು ತೋಫುವಿನಿಂದ ಹೃದಯ ಗುಣವಾಯಿತೆಂದು ನಾನು ಹೇಳುವುದಿಲ್ಲ. ಇವರ ಮಾತ್ರೆಗಳು ಹಾಗೆಯೇ ಇವೆ, ಬೆಳಗಿನ ನಡಿಗೆ ಇದೆ, ವರ್ಷಕ್ಕೊಮ್ಮೆ ಎದೆಯ ಪಟ ತೆಗೆಸುವುದಿದೆ. ಸುಕ್ಕಾ ಈಗ ಕ್ರಿಸ್ಮಸ್ಸಿಗೂ ಈಸ್ಟರಿಗೂ ಮಾತ್ರ, ಎರಡು ತುಂಡು. ಅದಕ್ಕೆ ಇವರ ತಕರಾರಿಲ್ಲ. ಭಾನುವಾರ ಪೂಜೆ ಮುಗಿಸಿ ಬಂದರೆ ಈಗಲೂ ಮಾರುಕಟ್ಟೆಗೆ ಹೋಗುವುದು ಇವರೇ, 150 ಗ್ರಾಂ ಎಂದು ಕಟುಕನ ಬಳಿ ಕೇಳಲು ನಾಚಿಕೆಯಾಗುತ್ತದೆಂದು ಕಾಲು ಕಿಲೋ ತರುವುದೂ ಇವರೇ. ಉಳಿದ ನೂರು ಗ್ರಾಮನ್ನು ನಾನು ಇವರ ಎದುರೇ ತೂಗಿ, ಡಬ್ಬಿಗೆ ಹಾಕಿ, ಮುಂದಿನ ವಾರಕ್ಕೆಂದು ತಂಗಳ ಪೆಟ್ಟಿಗೆಯ ಮೇಲಿನ ಖಾನೆಯಲ್ಲಿಡುತ್ತೇನೆ. ಅದಕ್ಕೆ ಐವತ್ತು ಗ್ರಾಂ ಸೇರಿಸಿದರೆ ಸಾಕು ಎಂದರೂ ಮುಂದಿನ ವಾರ ಮತ್ತೆ ಕಾಲು ಕಿಲೋ ಬರುತ್ತದೆ.